ಗಿಡಮೂಲಿಕೆಯ ಸಾರ: ಪ್ರಯೋಗಶಾಲೆ ಹೇಳುವುದೆಷ್ಟು?

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ನೀರಾವರಿ ಹೊಲಗಳಲ್ಲಿ ಕಬ್ಬಿನ ಜೊತೆಗೆ ಅರಿಷಿಣವೂ ಬೆಳೆಯುತ್ತದೆ. ಬೀಳಗಿಯ ಮಡ್ಡಿ ಭೂಮಿಯ ಬದುಗಳಲ್ಲಿ ಎಕ್ಕೆ, ಉತ್ತರಾಣಿ, ತಂಗಡಿ ತಾವಾಗಿಯೇ ಹುಟ್ಟುತ್ತವೆ. ಹಿತ್ತಲಿನಲ್ಲಿ ತುಳಸಿ, ಲೋಳಸರ, ನಿತ್ಯಪುಷ್ಪ ಕಾಣುತ್ತವೆ. ಇಂಥ ಗಿಡಗಳಲ್ಲಿ ರೋಗಾಣು ಕೊಲ್ಲುವ, ಕ್ಯಾನ್ಸರ್ ತಡೆಯುವ ಗುಣವಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹಾಗಾದರೆ ಇದರ ಕಷಾಯ ಕುಡಿಯಬಹುದೇ? ಕಬ್ಬು ತೆಗೆದು ಇದನ್ನೇ ಹಚ್ಚಬಹುದೇ? ಉತ್ತರಕ್ಕೆ ಮೊದಲು ಪರೀಕ್ಷೆ ನಡೆಯುವ ರೀತಿಯನ್ನು ತಿಳಿಯಬೇಕು.

ಎಲೆ ಅಥವಾ ಬೇರನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಇಲ್ಲವೆ ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಗಿಣ್ಣದಂತೆ ಹೆಪ್ಪುಗಟ್ಟಿದ ಅಗರ್ ಇರುವ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಸಣ್ಣ ಕುಳಿ ಕೊರೆದು ಸಾರ ಹನಿಸುತ್ತಾರೆ. 37 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಒಂದು ದಿನ ಇಟ್ಟ ಮೇಲೆ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವರ್ತುಲ ಉಳಿದರೆ ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಪಕ್ಕದ ಕುಳಿಗಳಲ್ಲಿ ಬರಿ ಮದ್ಯಸಾರ ಮತ್ತು ಬಳಕೆಯಲ್ಲಿರುವ ಔಷಧಿ ಇರಲೇಬೇಕು. ಹೊಸ ತಳಿ ಹಚ್ಚಿದಾಗ ನಾವು ಪಕ್ಕದಲ್ಲಿ ಹಳೆಯ ತಳಿಯ ಸಾಲು ಬಿಟ್ಟು ಹೋಲಿಸುವುದಿಲ್ಲವೇ? ಮದ್ಯಸಾರವೂ ರೋಗಾಣು ಕೊಲ್ಲುತ್ತದೆ ಎಂಬುದನ್ನು ಮರೆಯಬಾರದು.

ಆಂಟಿಆಕ್ಸಿಡೆಂಟ್ ಗುಣ ನೋಡುವುದು ಬಣ್ಣದಿಂದ. ಡಿ.ಪಿ.ಪಿ.ಎಚ್. ಎಂಬ ನೇರಳೆ ದ್ರಾವಣಕ್ಕೆ ಸಾರ ಬೆರೆಸಿದಾಗ ಅದು ಹಳದಿಗೆ ತಿರುಗಿದಷ್ಟೂ ಗುಣ ಹೆಚ್ಚು. ಇದು ಸೀಸೆಯೊಳಗಿನ ಕ್ರಿಯೆ ಮಾತ್ರ.

ಕ್ಯಾನ್ಸರ್ ಪರೀಕ್ಷೆಗೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳು ಬೇಕು. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ ತೆಗೆದ ಕೋಶಗಳ ಸಂತತಿ ಇಂದಿಗೂ ಬಳಕೆಯಲ್ಲಿದೆ. ಸಾರ ಹಾಕಿದ ಮೇಲೆ ಎಷ್ಟು ಕೋಶ ಬದುಕಿದವೆಂದು ನೋಡುತ್ತಾರೆ. ಆದರೆ ಸೀಮೆಎಣ್ಣೆ ಹನಿಸಿದರೂ ಆ ಕೋಶಗಳು ಸಾಯುತ್ತವೆ! ಆರೋಗ್ಯವಂತ ಕೋಶಗಳನ್ನು ಉಳಿಸಿ, ರೋಗದ ಕೋಶವನ್ನಷ್ಟೇ ಕೊಂದರೆ ಮಾತ್ರ ಮುಂದಿನ ಹೆಜ್ಜೆ.

ನಮ್ಮ ಅರಿಷಿಣವನ್ನೇ ನೋಡಿರಿ. ಅದರಲ್ಲಿನ ಕರ್ಕ್ಯುಮಿನ್ ತಟ್ಟೆಯಲ್ಲಿ ಬಹಳ ಗುಣ ತೋರುತ್ತದೆ. ನುಂಗಿದರೆ ರಕ್ತಕ್ಕೆ ಸೇರುವುದು ತೀರ ಅಲ್ಪ. ಅದರ ಹಳದಿ ಬಣ್ಣವೇ ಕೆಲವು ಪರೀಕ್ಷೆಗಳ ಲೆಕ್ಕ ಕೆಡಿಸುತ್ತದೆಂದು 2017ರಲ್ಲಿ ರಸಾಯನಶಾಸ್ತ್ರಜ್ಞರು ಎಚ್ಚರಿಸಿದ್ದಾರೆ.

ನಿತ್ಯಪುಷ್ಪದ ಕಥೆ ಬೇರೆ. ಸಿಹಿಮೂತ್ರ ರೋಗಕ್ಕೆ ಜನ ಬಳಸುತ್ತಿದ್ದ ಈ ಎಲೆಯನ್ನು ಕೆನಡಾದಲ್ಲಿ ನೋಬಲ್ ಮತ್ತು ಬೀರ್ ಎಂಬವರು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. 1958ರಲ್ಲಿ ವಿನ್‌ಬ್ಲಾಸ್ಟಿನ್ ಹೊರಬಂತು. ಇದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಮದ್ದು. ಆದರೆ ಒಂದು ಗ್ರಾಂ ಮದ್ದಿಗೆ ನೂರಾರು ಕಿಲೋ ಒಣ ಎಲೆ ಬೇಕು. ರೋಗಿಗೆ ಕೊಡುವುದು ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ, ವೈದ್ಯರ ಕಣ್ಣೆದುರು. ಎಲೆ ಕುದಿಸಿ ಕುಡಿಯುವುದು ವಿಷ ಕುಡಿದಂತೆ. ಗಡ್ಡೆ ಕಂಡವರು ಕಷಾಯ ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

ಬೆಳೆಯುವ ಮಾತಿಗೆ ಬಂದರೆ, ಕೊಳ್ಳುವವರು ಯಾರು, ಎಲೆಯೋ ಬೇರೋ, ಎಷ್ಟು ತೇವಾಂಶದಲ್ಲಿ, ಯಾವ ದರಕ್ಕೆ ಎಂಬುದು ಕಾಗದದ ಮೇಲೆ ಬರುವವರೆಗೆ ಸಸಿ ಮಾರುವವರ ಮಾತಿಗೆ ಕಬ್ಬು ಕೀಳಬೇಡಿರಿ. ಬದುವಿನ ಗಿಡದ ಹೆಸರು ಖಚಿತವಾಗಬೇಕಿದ್ದರೆ ಹೂ ಸಹಿತ ಒಂದು ಟೊಂಗೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಊರು ಮತ್ತು ತಾರೀಖು ಬರೆದು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ತಜ್ಞರಿಗೆ ತೋರಿಸಿರಿ.