ಹೋಂವರ್ಕ್ ಎಂದುಕೊಂಡ ಲೆಕ್ಕ

ಮಕ್ಕಳೇ, 1939ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಜಾರ್ಜ್ ಡಾಂಟ್ಸಿಗ್ ಒಂದು ದಿನ ತರಗತಿಗೆ ತಡವಾಗಿ ಬಂದರು. ಹಲಗೆಯ ಮೇಲಿದ್ದ ಎರಡು ಲೆಕ್ಕಗಳನ್ನು ಹೋಂವರ್ಕ್ ಎಂದುಕೊಂಡು ಬರೆದುಕೊಂಡರು. ಕೆಲವು ದಿನ ಹೆಣಗಿ ಬಿಡಿಸಿದರು. ತಡವಾಯಿತೆಂದು ಕ್ಷಮೆಯನ್ನೂ ಕೇಳಿದರು. ಅವು ಸಂಖ್ಯಾಶಾಸ್ತ್ರದಲ್ಲಿ ಅದುವರೆಗೆ ಯಾರೂ ಬಿಡಿಸದ ಸಮಸ್ಯೆಗಳು! ಪ್ರೊಫೆಸರ್ ನೇಮನ್ ಅವನ್ನೇ ಪಿಎಚ್.ಡಿ. ಪ್ರಬಂಧವಾಗಿ ಒಪ್ಪಿದರು.

1947ರಲ್ಲಿ ಡಾಂಟ್ಸಿಗ್ ‘ಸಿಂಪ್ಲೆಕ್ಸ್’ ವಿಧಾನ ಕಂಡುಹಿಡಿದರು. ಇರುವ ಹಣ, ಸಾಮಾನು, ಆಳುಗಳಿಂದ ಹೆಚ್ಚು ಕೆಲಸ ತೆಗೆಯುವ ಲೆಕ್ಕವದು. ಈ ಶಾಸ್ತ್ರವೇ ಆಪರೇಷನ್ಸ್ ರಿಸರ್ಚ್. ಬ್ಯಾಂಕಿನಲ್ಲಿ ಎಷ್ಟು ಕೌಂಟರ್ ತೆರೆದರೆ ಕ್ಯೂ ಕರಗುತ್ತದೆ ಎಂಬುದೂ ಇದರದೇ ಪ್ರಶ್ನೆ.

ಈ ಶಾಸ್ತ್ರದ ಅತ್ಯುತ್ತಮ ಪಿಎಚ್.ಡಿ. ಪ್ರಬಂಧಕ್ಕೆ ಅಮೆರಿಕದ ಇನ್ಫಾರ್ಮ್ಸ್ ಸಂಸ್ಥೆ ಪ್ರತಿವರ್ಷ ಡಾಂಟ್ಸಿಗ್ ಹೆಸರಿನಲ್ಲೇ ಬಹುಮಾನ ಕೊಡುತ್ತದೆ.

ಅಜ್ಜ-ಅಜ್ಜಿಯರೇ, ಲೆಕ್ಕ ಕಷ್ಟವೆಂದು ಡಾಂಟ್ಸಿಗ್ ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊಮ್ಮಕ್ಕಳಿಗೆ ನೀವೂ ಹೇಳಬೇಡಿ.