ಮಸಿ ಉರಿಯುವ ಬಗೆ

ಮಹದೇವಪುರವು 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಆದರೂ ಆ ಭಾಗದ ಅಂಚಿನ ಹಳ್ಳಿಗಳಲ್ಲಿ ಹಂಡೆ ನೀರು ಕಾಯಿಸಲು ಸೌದೆ ಉರಿಸುವ ಮನೆಗಳುಂಟು. ಹಂಡೆಯ ತಳಕ್ಕೆ ಹತ್ತಿದ ಮಸಿ, ಸೂರಿನಿಂದ ಜೋತುಬಿದ್ದ ಇಲ್ಲಣ ಇವೆಲ್ಲವೂ ಉರಿಯದೆ ಉಳಿದ ನಿಮ್ಮ ಸೌದೆಯೇ ಆಗಿವೆ. ಇದೇ ಮಸಿ ಒಲೆಯ ಮುಂದೆ ಕೂರುವ ಹೆಣ್ಣುಮಕ್ಕಳ ಶ್ವಾಸಕೋಶವನ್ನೂ ಸೇರುತ್ತದೆ. ಇದನ್ನು ಒಲೆಯೊಳಗೇ ಉರಿಸಿಬಿಡಲು ಸಾಧ್ಯವಿದೆ.

ಮಸಿ ಎಂದರೇನು?

ಕಾದ ಸೌದೆಯಿಂದ ಹೊರಡುವ ಅನಿಲಗಳಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಇಂಗಾಲದ ಅತಿ ಸಣ್ಣ ಗುಂಡುಗಳು ಹುಟ್ಟಿ, ದ್ರಾಕ್ಷಿ ಗೊಂಚಲಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಜ್ವಾಲೆಯ ಹಳದಿ ಬೆಳಕು ಕಾದ ಈ ಕಣಗಳದ್ದೇ. ಅವು ಎಷ್ಟು ಸಣ್ಣವೆಂದರೆ, ಒಂದು ಗ್ರಾಂ ಮಸಿಯ ಕಣಗಳ ಒಟ್ಟು ಮೇಲ್ಮೈ ಸುಮಾರು 100 ಚದರ ಮೀಟರ್, ಅಂದರೆ ಒಂದು ಗುಂಟೆ ಜಮೀನಿನಷ್ಟು!

ಉರಿಯುವಾಗ ಆಗುವ ಬದಲಾವಣೆ

ಗಾಳಿಯಲ್ಲಿನ ಆಮ್ಲಜನಕವು ಮೇಲ್ಮೈಗೆ ತಾಗಿದಲ್ಲಿ ಮಾತ್ರ ಮಸಿ ಉರಿಯುತ್ತದೆ. ನಿಧಾನವಾಗಿ ಉರಿಯುವಾಗ ಆಮ್ಲಜನಕ ಕಣದ ಒಳಕ್ಕೂ ನುಗ್ಗಿ, ಗೆದ್ದಲು ಹಿಡಿದ ಮರದಂತೆ ರಂಧ್ರ ಕೊರೆಯುತ್ತದೆ. ಪ್ರಖರ ಜ್ವಾಲೆಯಲ್ಲಾದರೋ ಕಣ ಹೊರಗಿನಿಂದ ಕರ್ಪೂರದಂತೆ ಸವೆಯುತ್ತದೆ, ಗೊಂಚಲು ಒಡೆಯುತ್ತದೆ. ಎರಡು ಬಗೆಯಲ್ಲೂ ಉಳಿದ ಮಸಿಯ ಪ್ರತಿ ಗ್ರಾಂಗೆ ಮೇಲ್ಮೈ ಹೆಚ್ಚುವುದರಿಂದ ಶಾಖ ಮತ್ತು ಗಾಳಿ ಇದ್ದಷ್ಟು ಕಾಲ ಅದು ಚುರುಕಾಗಿ ಉರಿಯುತ್ತದೆ. ಕೊನೆಗೆ ರಂಧ್ರಗಳ ಗೋಡೆ ಕುಸಿದು ಕಣವೇ ಇಲ್ಲವಾಗುತ್ತದೆ.

ಆದರೆ ಗಾಳಿಯಲ್ಲಿ ಮಸಿ ಚೆನ್ನಾಗಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು ತುಂಬಿದ ಹಂಡೆಯ ತಳವು 100 ಡಿಗ್ರಿಗಿಂತ ಹೆಚ್ಚೇನೂ ಏರುವುದಿಲ್ಲ. ಜ್ವಾಲೆ ಅಲ್ಲಿಗೆ ಬೇಗ ತಾಗಿದರೆ ಮಸಿ ತಣಿದು ಹಾಗೆಯೇ ಅಂಟಿಕೊಳ್ಳುತ್ತದೆ.

ನೀವು ಅನುಸರಿಸಬೇಕಾದ ಕ್ರಮಗಳು

1. ಸೌದೆಯನ್ನು ಸಣ್ಣಗೆ ಸೀಳಿ, ಚೆನ್ನಾಗಿ ಒಣಗಿಸಿ ಬಳಸಿರಿ. ಹಸಿ ಸೌದೆಯ ನೀರು ಆವಿಯಾಗುವಾಗ ಜ್ವಾಲೆಯ ಶಾಖವನ್ನು ಹೀರುತ್ತದೆ.

2. ಸೌದೆಯ ಕೆಳಗೆ ಕಬ್ಬಿಣದ ಜಾಲರಿ ಇರಿಸಿ, ಅಡಿಯಿಂದ ಗಾಳಿ ಬರುವಂತೆ ಮಾಡಿರಿ. ಬೂದಿಯನ್ನು ದಿನವೂ ತೆಗೆಯಿರಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ರೂಪಿಸಿದ ಒಲೆಯಲ್ಲಿ ಜಾಲರಿ ಮತ್ತು ಹೊಗೆಕೊಳವೆ ಎರಡೂ ಇವೆ.

3. ಜ್ವಾಲೆ ಪೂರ್ಣವಾಗಿ ಉರಿಯಲು ಸೌದೆಗೂ ಪಾತ್ರೆಗೂ ನಡುವೆ ಸಾಕಷ್ಟು ಅಂತರ ಬಿಡಿರಿ. ಒಲೆಯ ಬಾಯಿಗೆ ಸೌದೆ ಒಮ್ಮೆಗೇ ತುರುಕಬೇಡಿ.

4. ಹೊಗೆಕೊಳವೆಯನ್ನು ಆಗಾಗ ಶುಚಿಗೊಳಿಸಿರಿ. ಅದರಲ್ಲಿ ಕಟ್ಟಿದ ಮಸಿಗೆ ಕಿಡಿ ತಗುಲಿದರೆ ಸೂರಿಗೂ ಅಪಾಯ.

ಡೀಸೆಲ್ ಗಾಡಿಗೂ ಇದೇ ನಿಯಮ

2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್-6 ನಿಯಮಕ್ಕೆ ಅನುಗುಣವಾದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಅದರಲ್ಲಿ ಕೂಡಿದ ಮಸಿಯನ್ನು ಗಾಡಿಯೇ ಶಾಖ ಏರಿಸಿ ಉರಿಸುತ್ತದೆ. ವೈಟ್‌ಫೀಲ್ಡ್ ರಸ್ತೆಯ ದಟ್ಟಣೆಯಲ್ಲಿ ತೆವಳುತ್ತಾ ತರಕಾರಿ ಸಾಗಿಸುವ ಗಾಡಿಗೆ ಈ ಶಾಖ ಸಿಗದೆ ಶೋಧಕ ಕಟ್ಟಿಕೊಳ್ಳಬಹುದು. ಎಚ್ಚರಿಕೆ ದೀಪ ಹತ್ತಿದೊಡನೆ, ಗಾಡಿಯ ಕೈಪಿಡಿ ಹೇಳುವಂತೆ ತೆರವಾದ ರಸ್ತೆಯಲ್ಲಿ ಸಮವೇಗದಿಂದ ಸ್ವಲ್ಪ ದೂರ ಓಡಿಸಿರಿ.

ಒಲೆಯಾಗಲಿ ಗಾಡಿಯಾಗಲಿ, ಮಸಿಗೆ ಶಾಖ, ಗಾಳಿ, ಕಾಲಾವಕಾಶ ಈ ಮೂರನ್ನೂ ಒದಗಿಸಿರಿ. ಸೌದೆಯೂ ಉಳಿಯುತ್ತದೆ, ಮನೆಯವರ ಆರೋಗ್ಯವೂ ಉಳಿಯುತ್ತದೆ.