ಊರ ಬೆಳಕಿಗೆ ಅಣುವೋ, ಸೂರ್ಯನೋ?

ನಾನು ವ್ಯಾಕರಣ ಪಾಠ ಹೇಳುವವನು, ವಿಜ್ಞಾನಿಯಲ್ಲ. ಆದರೂ ವಿದ್ಯಾರ್ಥಿಯೊಬ್ಬನು, “ಹೊಗೆಯಿಲ್ಲದ ವಿದ್ಯುತ್ತು ನಮ್ಮ ಹಾವೇರಿ ಸೀಮೆಗೆ ಎಲ್ಲಿಂದ ಬರಬೇಕು? ಸಣ್ಣ ಅಣುಸ್ಥಾವರದಿಂದಲೋ, ಸೂರ್ಯ-ವಾಯುಗಳಿಂದಲೋ?” ಎಂದು ಕೇಳಿದಾಗ, ಶಬ್ದಾರ್ಥದಿಂದಲೇ ಉತ್ತರವನ್ನು ಆರಂಭಿಸಿದೆನು.

‘ಸಣ್ಣ’ ಎಂದರೆ ಎಷ್ಟು? ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು 300 ಮೆಗಾವ್ಯಾಟ್‌ವರೆಗಿನ ಸ್ಥಾವರವನ್ನು ಸಣ್ಣದೆಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ನೆರೆಯ ಉತ್ತರ ಕನ್ನಡದ ಕೈಗಾದಲ್ಲಿರುವ, ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳೂ ಸಣ್ಣವೇ ಸರಿ! ಅಲ್ಲಿನ ಒಂದನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆಯಿತು. ಹಗಲಿರುಳೆನ್ನದ ಈ ಸ್ಥೈರ್ಯವೇ ಅಣುಶಕ್ತಿಯ ಗುಣ. ಆದರೆ 1989ರಲ್ಲಿ ಕಟ್ಟತೊಡಗಿದ ಆ ಘಟಕವು ಬೆಳಕನ್ನಿತ್ತುದು 2000ದಲ್ಲಿ. ತಣಿಸಲು ಕದ್ರಾ ಜಲಾಶಯದಂತಹ ನೀರಾಸರೆ ಬೇಕು. ಸುತ್ತಲೂ ಜನವಸತಿಯಿಲ್ಲದ ನೆಲ ಬೇಕು. ಉರಿದುಳಿದ ಇಂಧನವನ್ನು ತಲೆಮಾರುಗಳ ಕಾಲ ಕಾಯಬೇಕು. ಕಾರ್ಖಾನೆಯಲ್ಲಿ ಸಿದ್ಧಪಡಿಸಿ ತಂದು ಜೋಡಿಸುವ ಹೊಸ ಮಾದರಿಗಳಿಗಾಗಿ 2025ರ ಕೇಂದ್ರ ಆಯವ್ಯಯವು 20,000 ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿತು. ಐದು ಸ್ಥಾವರಗಳಿಗೆ ಇಟ್ಟಿರುವ ಗಡುವು 2033.

ಇನ್ನು ಸೂರ್ಯನ ಕಡೆಗೆ ತಿರುಗೋಣ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರವಿದ್ಯುತ್ತಿಗೆ ಸುಮಾರು 13,000 ಎಕರೆ ಹಿಡಿಯಿತು. ಕೈಗಾದ ಒಂದು ಘಟಕವು ವರ್ಷದಲ್ಲಿ ನೀಡುವಷ್ಟನ್ನು ಪಡೆಯಲು, ರಾತ್ರಿ-ಮೋಡಗಳನ್ನು ಕಳೆದರೆ, ಸುಮಾರು 1,000 ಮೆಗಾವ್ಯಾಟ್‌ನ ಫಲಕಗಳು, ಎಂದರೆ ಆರು ಸಾವಿರಕ್ಕೂ ಮಿಕ್ಕ ಎಕರೆ ಬೇಕಾದೀತು. ರಾಣೆಬೆನ್ನೂರಿನ ಹತ್ತಿ, ಮೆಕ್ಕೆಜೋಳದ ಹೊಲಗಳನ್ನು ಅಷ್ಟೊಂದು ಬಿಟ್ಟುಕೊಡಲಾದೀತೆ? ಮನೆಯ ಛಾವಣಿಯಾದರೋ ಹೊಲವನ್ನು ಬೇಡದು.

ಹೊಗೆಯ ಮಾತಿನಲ್ಲಿ ಇವುಗಳೊಳಗೆ ಜಗಳವಿಲ್ಲ. ಕಲ್ಲಿದ್ದಲಿಗೆ ಹೋಲಿಸಿದರೆ ಮೂರೂ ನಿರ್ಮಲವೇ. ವಿಚಾರಿಸಬೇಕಾದುದು ಹೊತ್ತನ್ನು. ಪಂಪುಸೆಟ್ಟಿಗೆ ಹಗಲಿನ ವಿದ್ಯುತ್ತು ಸಾಕು. ಅಲ್ಲಿ ಸೂರ್ಯನೇ ಸಮರ್ಥ. ಬ್ಯಾಡಗಿಯ ಶೀತಲಗೃಹಗಳಾದರೋ ಮೆಣಸಿನಕಾಯಿಯ ಕೆಂಪು ಮಾಸದಂತೆ ಇರುಳೂ ನಡೆಯಬೇಕು. ಆಷಾಢದಲ್ಲಿ ಸೂರ್ಯನು ಮರೆಯಾದಾಗ ಗಾಳಿ ಬಲವಾಗಿ ಬೀಸಿ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಗಾಳಿಯೂ ನಿಂತ ರಾತ್ರಿಗೆ ಬ್ಯಾಟರಿ, ಜಲವಿದ್ಯುತ್ತು, ತಂತಿಯ ಮೂಲಕ ಬರುವ ಕೈಗಾದ ಶಕ್ತಿ ಆಸರೆಯಾಗಬೇಕು.

ಆದುದರಿಂದ ಅಣುಸ್ಥಾವರವು ನಾಡಿನ ವಿದ್ಯುಜ್ಜಾಲಕ್ಕೆ ತಕ್ಕುದು. ಊರು ತಾನೇ ಕೈಯಾರೆ ಮಾಡಬಹುದಾದುದು ಸೂರಿನ ಮೇಲಿನ ಸೌರಫಲಕ. ಹನ್ನೊಂದು ವರ್ಷ ಕಾಯುವ ಕೆಲಸವಲ್ಲ ಅದು, ಕೆಲವು ವಾರಗಳದು. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮುಂದಿನ ಬಾರಿ ಬಂದಾಗ, ತಾವು ಕಲಿತ ಶಾಲೆಯ ಬರಿದಾದ ಛಾವಣಿಯನ್ನು ಒಮ್ಮೆ ತಲೆಯೆತ್ತಿ ನೋಡುವರೆಂದು ಆಶಿಸುತ್ತೇನೆ.